ಸ್ಪೇನಿನ ಸಂಕ್ರಮಣ ಕಾಲದ ಮಧ್ಯಪಂಥ: ದೇಶವನ್ನು ದಾಟಿಸಿದ ಪಕ್ಷ ಐದೇ ವರ್ಷಗಳಲ್ಲಿ ಕುಸಿದದ್ದೇಕೆ?

1982ರ ಅಕ್ಟೋಬರ್ 28ರಂದು ಸ್ಪೇನಿನಲ್ಲಿ ನಡೆದ ಸಾರ್ವತ್ರಿಕ ಚುನಾವಣೆಯಲ್ಲಿ, ಹಿಂದಿನ ಬಾರಿ 168 ಸ್ಥಾನ ಗೆದ್ದು ಆಳುತ್ತಿದ್ದ ಪಕ್ಷ ಕೇವಲ 11 ಸ್ಥಾನಗಳಿಗೆ ಇಳಿಯಿತು. ಅಧಿಕಾರದಲ್ಲಿದ್ದ ಪ್ರಧಾನಿ ಲೆಯೊಪೊಲ್ಡೊ ಕಾಲ್ವೊ-ಸೊತೆಲೊ ಅವರ ಹೆಸರು ಮ್ಯಾಡ್ರಿಡ್ ಪ್ರಾಂತ್ಯದ ಅಭ್ಯರ್ಥಿಗಳ ಪಟ್ಟಿಯಲ್ಲಿ ಎರಡನೆಯದಾಗಿತ್ತು. ಆ ಪಟ್ಟಿಯಿಂದ ಮೊದಲ ಹೆಸರಿನವರು ಮಾತ್ರ ಆಯ್ಕೆಯಾದ ಕಾರಣ ಪ್ರಧಾನಿಯೇ ಸೋತರು. ನಾಲ್ಕು ತಿಂಗಳು ತುಂಬುವುದರೊಳಗೆ, 1983ರ ಫೆಬ್ರವರಿಯಲ್ಲಿ, ಪಕ್ಷ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಅದರ ಹೆಸರು ಪ್ರಜಾಸತ್ತಾತ್ಮಕ ಮಧ್ಯಪಂಥೀಯ ಒಕ್ಕೂಟ, ಸ್ಪ್ಯಾನಿಷ್ ಮೊದಲಕ್ಷರಗಳಲ್ಲಿ ಯುಸಿಡಿ. ಸುಮಾರು ನಾಲ್ಕು ದಶಕಗಳ ಸರ್ವಾಧಿಕಾರದಿಂದ ಸ್ಪೇನನ್ನು ಪ್ರಜಾಪ್ರಭುತ್ವಕ್ಕೆ ದಾಟಿಸಿದ್ದು, ಮೊದಲ ಎರಡು ಮುಕ್ತ ಚುನಾವಣೆಗಳನ್ನು ಗೆದ್ದಿದ್ದು, ಇಂದಿಗೂ ಜಾರಿಯಲ್ಲಿರುವ ಸಂವಿಧಾನದ ರಚನೆಗೆ ಮುಂದಾಳತ್ವ ವಹಿಸಿದ್ದು ಇದೇ ಪಕ್ಷ. ಇಷ್ಟೆಲ್ಲ ಸಾಧಿಸಿದ ಪಕ್ಷವನ್ನು ಮತದಾರರು ಏಕೆ ಕೈಬಿಟ್ಟರು ಎಂಬುದು ಅರ್ಥವಾಗಬೇಕಾದರೆ, ಆ ಪಕ್ಷ ಹುಟ್ಟಿದ ಬಗೆಯನ್ನು ಮೊದಲು ನೋಡಬೇಕು.

ಜನರಲ್ ಫ್ರಾನ್ಸಿಸ್ಕೊ ಫ್ರಾಂಕೊ 1975ರ ನವೆಂಬರ್ 20ರಂದು ತೀರಿಕೊಂಡಾಗ ಸ್ಪೇನಿನಲ್ಲಿ ಕಾನೂನುಬದ್ಧವಾಗಿದ್ದದ್ದು ಆಡಳಿತದ್ದೇ ಆದ ‘ಮೊವಿಮಿಯೆಂತೊ’ ಎಂಬ ಸಂಘಟನೆ ಮಾತ್ರ. ಕಮ್ಯುನಿಸ್ಟರು ಭೂಗತರಾಗಿದ್ದರು, ಸಮಾಜವಾದಿಗಳ ನಾಯಕತ್ವ ಬಹುಕಾಲ ಫ್ರಾನ್ಸಿನಲ್ಲಿ ದೇಶಾಂತರದಲ್ಲಿತ್ತು. ಎರಡು ದಿನಗಳ ನಂತರ ಸಿಂಹಾಸನವೇರಿದ ರಾಜ ಹುವಾನ್ ಕಾರ್ಲೊಸ್, ಮೊದಲಿಗೆ ಹಳೆಯ ಪ್ರಧಾನಿಯನ್ನೇ ಮುಂದುವರಿಸಿ, 1976ರ ಜುಲೈನಲ್ಲಿ ಅಡೊಲ್ಫೊ ಸುವಾರೆಸ್ ಎಂಬ 43 ವರ್ಷದ ಅಧಿಕಾರಸ್ಥನನ್ನು ಆ ಹುದ್ದೆಗೆ ತಂದರು. ಆವಿಲಾ ಪ್ರಾಂತ್ಯದ ಸೆಬ್ರೆರೊಸ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಸುವಾರೆಸ್, ಸೆಗೋವಿಯಾದ ಗವರ್ನರ್ ಆಗಿ, ಸರ್ಕಾರಿ ರೇಡಿಯೊ-ದೂರದರ್ಶನ ಸಂಸ್ಥೆಯ ಮುಖ್ಯಸ್ಥರಾಗಿ, ಕೊನೆಗೆ ಮೊವಿಮಿಯೆಂತೊದ ಸಚಿವರಾಗಿ, ಹಳೆಯ ವ್ಯವಸ್ಥೆಯ ಮೆಟ್ಟಿಲುಗಳನ್ನು ಹತ್ತಿ ಬಂದವರು. ವಿರೋಧಿಗಳು ಅವರ ನೇಮಕವನ್ನು ಕಂಡು ನಿರಾಶರಾದದ್ದು ಸಹಜವಾಗಿತ್ತು.

ಆದರೆ ಹಳೆಯ ವ್ಯವಸ್ಥೆಯನ್ನು ಅದರದೇ ಕಾನೂನುಗಳ ಮೂಲಕ ಬಿಚ್ಚುವ ಯೋಜನೆ ಅಷ್ಟರಲ್ಲಾಗಲೇ ಸಿದ್ಧವಾಗುತ್ತಿತ್ತು. ಕೊರ್ತೆಸ್ ಎಂದು ಕರೆಯಲಾಗುವ ಸಂಸತ್ತಿನ ಅಧ್ಯಕ್ಷರೂ ರಾಜನ ಹಿಂದಿನ ಗುರುಗಳೂ ಆಗಿದ್ದ ತೊರ್ಕ್ವಾತೊ ಫೆರ್ನಾಂದೆಸ್-ಮಿರಾಂದಾ ಇದರ ಶಿಲ್ಪಿ. ಎರಡು ಸದನಗಳ ಚುನಾಯಿತ ಸಂಸತ್ತನ್ನು ಸ್ಥಾಪಿಸುವ ರಾಜಕೀಯ ಸುಧಾರಣಾ ಕಾನೂನನ್ನು ಫ್ರಾಂಕೊ ಕಾಲದ ಕೊರ್ತೆಸ್ 1976ರ ನವೆಂಬರ್ 18ರಂದು 425–59 ಮತಗಳಿಂದ ಅಂಗೀಕರಿಸಿತು. ಅಂದರೆ ತನ್ನ ಅಂತ್ಯಕ್ಕೆ ತಾನೇ ಒಪ್ಪಿಗೆ ಕೊಟ್ಟಿತು. ಡಿಸೆಂಬರ್ 15ರ ಜನಮತಗಣನೆಯಲ್ಲಿ ಮತ ಹಾಕಿದವರ ಪೈಕಿ ಸುಮಾರು ಶೇ. 94ರಷ್ಟು ಜನ ಅದನ್ನು ಅನುಮೋದಿಸಿದರು. ಮರುವರ್ಷದ ಜನವರಿ 24ರಂದು ಮ್ಯಾಡ್ರಿಡ್‌ನ ಅತೋಚಾ ಬೀದಿಯ ಕಾರ್ಮಿಕ ವಕೀಲರ ಕಚೇರಿಗೆ ತೀವ್ರ ಬಲಪಂಥೀಯ ಬಂದೂಕುಧಾರಿಗಳು ನುಗ್ಗಿ ಐವರನ್ನು ಕೊಂದರು. ಅವರ ಅಂತ್ಯಯಾತ್ರೆಯಲ್ಲಿ ಕಮ್ಯುನಿಸ್ಟ್ ಪಕ್ಷ ತೋರಿದ ಸಂಯಮ ದೇಶದ ಮನಸ್ಸನ್ನೇ ಬದಲಿಸಿತೆಂದರೆ ತಪ್ಪಾಗದು. ಏಪ್ರಿಲ್ 9ರಂದು, ಈಸ್ಟರ್ ಹಬ್ಬದ ಹಿಂದಿನ ಶನಿವಾರ, ಸುವಾರೆಸ್ ಆ ಪಕ್ಷವನ್ನು ಕಾನೂನುಬದ್ಧಗೊಳಿಸಿದರು. ನೌಕಾಪಡೆಯ ಸಚಿವರು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ ಕಮ್ಯುನಿಸ್ಟ್ ನಾಯಕ ಸಾಂತಿಯಾಗೊ ಕರಿಯೊ ಅವರ ಪಕ್ಷ ರಾಜಸತ್ತೆಯನ್ನೂ ಕೆಂಪು-ಹಳದಿ ರಾಷ್ಟ್ರಧ್ವಜವನ್ನೂ ಒಪ್ಪಿಕೊಂಡಿತು.

ಚುನಾವಣೆ ಜೂನ್ 15ಕ್ಕೆ ನಿಗದಿಯಾಯಿತು. ಸುಧಾರಣೆಯನ್ನು ನಡೆಸುತ್ತಿದ್ದ ಪ್ರಧಾನಿಗೆ ಮಾತ್ರ ಸ್ವಂತ ಪಕ್ಷವಿರಲಿಲ್ಲ.

ಮಧ್ಯಪಂಥದ ಜಾಗದಲ್ಲಿ ಆಗ ಸಣ್ಣಪುಟ್ಟ ಪಕ್ಷಗಳು ಬೇಕಾದಷ್ಟಿದ್ದವು. ಒಬ್ಬ ಗಣ್ಯ ವ್ಯಕ್ತಿ, ಅವರ ಸುತ್ತ ಕೆಲವು ವಕೀಲರು, ಪ್ರಾಧ್ಯಾಪಕರು, ಹಿರಿಯ ಅಧಿಕಾರಿಗಳು ಸೇರಿದ ಗುಂಪುಗಳಷ್ಟೇ ಅವು. ಕ್ರೈಸ್ತ ಪ್ರಜಾಪ್ರಭುತ್ವವಾದಿಗಳು, ಹೊವಾಕಿನ್ ಗಾರ್ರಿಗೆಸ್ ಅವರಂಥ ಉದಾರವಾದಿಗಳು, ಫ್ರಾನ್ಸಿಸ್ಕೊ ಫೆರ್ನಾಂದೆಸ್ ಒರ್ದೊನ್ಯೆಸ್ ಅವರ ನೇತೃತ್ವದ ಸೋಷಿಯಲ್ ಡೆಮಾಕ್ರಾಟರು, ಹೊಸೆ ಮರಿಯಾ ದೆ ಅರೆಯಿಲ್ಸಾ ಮತ್ತು ಪಿಯೊ ಕಬಾನಿಯ್ಯಾಸ್ ಕಟ್ಟಿದ್ದ ಪಾರ್ತಿದೊ ಪೊಪುಲಾರ್, ಹೀಗೆ. ಇವರಲ್ಲಿ ಕೆಲವರು ಫ್ರಾಂಕೊ ಆಡಳಿತವನ್ನು ಮೃದುವಾಗಿ ವಿರೋಧಿಸಿದ್ದರು, ಕೆಲವರು ಅದರೊಳಗಿದ್ದುಕೊಂಡೇ ಸುಧಾರಣೆ ಬಯಸಿದ್ದರು. ಸುವಾರೆಸ್ ಈ ಗುಂಪುಗಳನ್ನೆಲ್ಲ ಒಂದು ಮೈತ್ರಿಕೂಟಕ್ಕೆ ಸೇರಿಸಿಕೊಂಡರು. ತಮಗೆ ಪ್ರತಿಸ್ಪರ್ಧಿಯಾಗಬಹುದಾಗಿದ್ದ ಅರೆಯಿಲ್ಸಾ ಅವರನ್ನು ಅವರದೇ ಪಕ್ಷದಿಂದ ಹೊರಗೆ ಸರಿಸಲಾಯಿತು. ಕಾಲ್ವೊ-ಸೊತೆಲೊ ಸಚಿವ ಸ್ಥಾನ ಬಿಟ್ಟು ಬಂದು ಅಭ್ಯರ್ಥಿಗಳ ಪಟ್ಟಿ ಸಿದ್ಧಪಡಿಸಲು ಕುಳಿತರು. ಸುಮಾರು 15 ಗುಂಪುಗಳ ಯುಸಿಡಿ ಮೇ ತಿಂಗಳ ಮೊದಲ ವಾರದಲ್ಲಿ ಅಧಿಕೃತವಾಗಿ ರೂಪುಗೊಂಡಿತು, ಆರು ವಾರಗಳಲ್ಲಿ ದೇಶದ ಅತಿದೊಡ್ಡ ಪಕ್ಷವಾಯಿತು. ಪ್ರಾಂತ್ಯಗಳಲ್ಲಿ ಅದರ ಪಟ್ಟಿಗಳಿಗೆ ಬಲ ತುಂಬಿದವರು ಬಹುಪಾಲು ಹಳೆಯ ಆಡಳಿತದ ಜಾಲದಲ್ಲಿ ಬೆಳೆದವರು. ರೊದೊಲ್ಫೊ ಮಾರ್ತಿನ್ ವಿಯ್ಯಾ ಅವರ ಈ ಬಣವನ್ನು, ಸ್ಪೇನಿನ ಫ್ಯಾಸಿಸ್ಟ್ ಸಂಘಟನೆಯಾಗಿದ್ದ ಫಲಾಂಖೆಯ ನೀಲಿ ಅಂಗಿಯ ನೆನಪಿನಿಂದ, ‘ನೀಲಿಯವರು’ ಎಂದೇ ಕರೆಯುತ್ತಿದ್ದರು.

ಈ ಹಂತದಲ್ಲಿ ಚುನಾವಣಾ ನಿಯಮಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಯುಸಿಡಿಯ ಏಳುಬೀಳುಗಳೆರಡನ್ನೂ ದೊಡ್ಡದು ಮಾಡಿ ತೋರಿಸಿದ್ದು ಇವೇ ನಿಯಮಗಳು. ನಮ್ಮಲ್ಲಿರುವಂತೆ ಒಂದು ಕ್ಷೇತ್ರಕ್ಕೆ ಒಬ್ಬ ಸದಸ್ಯ ಎಂಬ ಪದ್ಧತಿ ಅಲ್ಲಿಲ್ಲ. 1977ರ ಮಾರ್ಚ್‌ನಲ್ಲಿ ಹೊರಡಿಸಿದ ಆಜ್ಞೆಯ ಪ್ರಕಾರ ಪ್ರತಿ ಪ್ರಾಂತ್ಯವೂ ಒಂದು ಕ್ಷೇತ್ರ. ಕೆಳಮನೆಯ 350 ಸ್ಥಾನಗಳನ್ನು ಜನಸಂಖ್ಯೆಗೆ ಅನುಗುಣವಾಗಿ ಹಂಚಿದರೂ, ಎಷ್ಟೇ ಚಿಕ್ಕ ಪ್ರಾಂತ್ಯಕ್ಕೂ ಮೊದಲು ತಲಾ ಎರಡು ಸ್ಥಾನ ಖಚಿತ. ಮತದಾರರು ವ್ಯಕ್ತಿಗಲ್ಲ, ಪಕ್ಷದ ಪಟ್ಟಿಗೆ ಮತ ಹಾಕುತ್ತಾರೆ. ಸ್ಥಾನಗಳನ್ನು ಹಂಚುವುದು ಡಿ'ಹಾಂಟ್ ಸೂತ್ರದಿಂದ: ಪ್ರತಿ ಪಕ್ಷದ ಮತವನ್ನು 1, 2, 3 ಎಂದು ಭಾಗಿಸುತ್ತ ಹೋಗಿ, ಬಂದ ಸಂಖ್ಯೆಗಳಲ್ಲಿ ಅತಿ ದೊಡ್ಡವಕ್ಕೆ ಕ್ರಮವಾಗಿ ಸ್ಥಾನ ಕೊಡಲಾಗುತ್ತದೆ. ಮೂರು ಸ್ಥಾನಗಳ ಒಂದು ಪ್ರಾಂತ್ಯದಲ್ಲಿ ‘ಅ’ ಪಕ್ಷಕ್ಕೆ 50,000, ‘ಆ’ ಪಕ್ಷಕ್ಕೆ 28,000, ‘ಇ’ ಪಕ್ಷಕ್ಕೆ 12,000 ಮತ ಬಂದವೆಂದು ಇಟ್ಟುಕೊಳ್ಳೋಣ. ಮೊದಲ ಸ್ಥಾನ 50,000ಕ್ಕೆ, ಎರಡನೆಯದು 28,000ಕ್ಕೆ, ಮೂರನೆಯದು 50,000ದ ಅರ್ಧವಾದ 25,000ಕ್ಕೆ ಹೋಗುತ್ತದೆ. ‘ಅ’ ಪಕ್ಷಕ್ಕೆ ಎರಡು, ‘ಆ’ ಪಕ್ಷಕ್ಕೆ ಒಂದು. ‘ಇ’ ಪಕ್ಷದ 12,000 ಮತಗಳು ಲೆಕ್ಕಕ್ಕೇ ಬರುವುದಿಲ್ಲ. ಹೆಸರಿಗೆ ಇದು ಪ್ರಮಾಣಾನುಗುಣ ಪ್ರಾತಿನಿಧ್ಯವಾದರೂ, ಚಿಕ್ಕ ಗ್ರಾಮೀಣ ಪ್ರಾಂತ್ಯಗಳಲ್ಲಿ ಮೊದಲೆರಡು ಪಕ್ಷಗಳಿಗೆ ಮಾತ್ರ ಫಲ ಕೊಡುವ ವ್ಯವಸ್ಥೆ. ಅಂಥ ಪ್ರಾಂತ್ಯಗಳಲ್ಲಿ ಮುಂದಿದ್ದದ್ದು ಯುಸಿಡಿ.

ಫಲಿತಾಂಶ ಈ ಲೆಕ್ಕಕ್ಕೆ ಸರಿಯಾಗಿಯೇ ಬಂತು. ಯುಸಿಡಿಗೆ ಶೇ. 34.4 ಮತ, 165 ಸ್ಥಾನ. ಫೆಲಿಪೆ ಗೊನ್ಸಾಲೆಸ್ ಅವರ ಸಮಾಜವಾದಿ ಕಾರ್ಮಿಕ ಪಕ್ಷಕ್ಕೆ ಶೇ. 29.3 ಮತ, 118 ಸ್ಥಾನ, ಕಮ್ಯುನಿಸ್ಟರಿಗೆ 20, ಫ್ರಾಂಕೊ ಕಾಲದ ಮಾಜಿ ಸಚಿವ ಮಾನುಯೆಲ್ ಫ್ರಾಗಾ ಕಟ್ಟಿದ ಬಲಪಂಥೀಯ ಅಲಿಯಾನ್ಸಾ ಪೊಪುಲಾರ್ ಪಕ್ಷಕ್ಕೆ 16. ಸುಮಾರು ಮೂರನೇ ಒಂದು ಭಾಗದಷ್ಟು ಮತ ಪಡೆದ ಪಕ್ಷಕ್ಕೆ ಸದನದ ಅರ್ಧಕ್ಕೆ ಸಮೀಪದ ಸ್ಥಾನಗಳು ದೊರೆತವು. ಹೊರಗೆ ಉಳಿದವರ ಗತಿಯೂ ಗಮನಾರ್ಹ. ಸರ್ವಾಧಿಕಾರವನ್ನು ನಿಜಕ್ಕೂ ವಿರೋಧಿಸುತ್ತ ಬಂದಿದ್ದ, ಗಿಲ್-ರೊಬ್ಲೆಸ್ ಮತ್ತು ರುಯಿಸ್-ಹಿಮೆನೆಸ್ ಅವರಂಥ ಹೆಸರಾಂತ ಕ್ರೈಸ್ತ ಪ್ರಜಾಪ್ರಭುತ್ವವಾದಿಗಳು ಸುವಾರೆಸ್ ಜೊತೆ ಸೇರದೆ ಬೇರೆಯಾಗಿ ಸ್ಪರ್ಧಿಸಿ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ಇಟಲಿಯಲ್ಲಿ, ಜರ್ಮನಿಯಲ್ಲಿ ಯುದ್ಧಾನಂತರದ ಪ್ರಜಾಪ್ರಭುತ್ವವನ್ನು ಕಟ್ಟಿದ್ದು ಇದೇ ಪಂಥ. ಸ್ಪೇನಿನಲ್ಲಿ ಕ್ಯಾಥೊಲಿಕ್ ಚರ್ಚು, ಕಾರ್ಡಿನಲ್ ತರಾಂಕೊನ್ ಅವರ ನಾಯಕತ್ವದಲ್ಲಿ, ಯಾವ ಪಕ್ಷಕ್ಕೂ ತನ್ನ ಹೆಸರು ಕೊಡದಿರಲು ನಿರ್ಧರಿಸಿತ್ತು. ಆ ನಿರ್ಧಾರ ದೇಶಕ್ಕೆ ಒಳ್ಳೆಯದನ್ನೇ ಮಾಡಿತೆಂದು ನಾನು ನಂಬುತ್ತೇನೆ, ಏಕೆಂದರೆ 1930ರ ದಶಕದ ಅಂತರ್ಯುದ್ಧಕ್ಕೆ ಧರ್ಮದ ಜಗಳವೂ ಒಂದು ಕಾರಣವಾಗಿತ್ತು.

ಮುಂದಿನ ಹದಿನೆಂಟು ತಿಂಗಳುಗಳು ಯುಸಿಡಿಯ ನಿಜವಾದ ಸಾರ್ಥಕತೆಯ ಕಾಲ. ಬಹುಮತಕ್ಕೆ 176 ಬೇಕಿದ್ದಾಗ 165 ಇದ್ದ ಸರ್ಕಾರ ಎಲ್ಲರನ್ನೂ ಮಾತಿಗೆ ಕರೆಯಲೇಬೇಕಿತ್ತು. ಅನಿವಾರ್ಯತೆಯನ್ನೇ ಅದು ನೀತಿಯನ್ನಾಗಿ ಮಾಡಿಕೊಂಡಿತು. ಹಣದುಬ್ಬರ ಶೇ. 25ನ್ನು ಮೀರಿದ್ದಾಗ, ಅರ್ಥಶಾಸ್ತ್ರಜ್ಞ ಎನ್ರಿಕೆ ಫುಯೆಂತೆಸ್ ಕಿಂತಾನಾ ರೂಪಿಸಿದ ಆರ್ಥಿಕ ಕಾರ್ಯಕ್ರಮಕ್ಕೆ 1977ರ ಅಕ್ಟೋಬರ್‌ನಲ್ಲಿ ಪ್ರಧಾನಿ ನಿವಾಸವಾದ ಮೊಂಕ್ಲೋವಾ ಅರಮನೆಯಲ್ಲಿ ಕಮ್ಯುನಿಸ್ಟರಿಂದ ಫ್ರಾಗಾ ಅವರವರೆಗೆ ಎಲ್ಲ ಪ್ರಮುಖ ಪಕ್ಷಗಳೂ ಸಹಿ ಹಾಕಿದವು. ಅಲ್ಲಿಯವರೆಗೆ ಕೂಲಿ ಏರಿಕೆಯನ್ನು ಹಿಂದಿನ ವರ್ಷದ ಹಣದುಬ್ಬರಕ್ಕೆ ಹೊಂದಿಸುತ್ತಿದ್ದರು. ಇನ್ನು ಮುಂದೆ ಬರುವ ವರ್ಷದ ನಿರೀಕ್ಷಿತ ಹಣದುಬ್ಬರಕ್ಕೆ ಹೊಂದಿಸುವುದೆಂದು ಒಪ್ಪಂದವಾಯಿತು. ಕಾರ್ಮಿಕರು ತಾಳ್ಮೆ ತೋರಬೇಕು, ಪ್ರತಿಯಾಗಿ ತೆರಿಗೆ ಸುಧಾರಣೆ ಮತ್ತು ರಾಜಕೀಯ ಸ್ವಾತಂತ್ರ್ಯಗಳು ದೊರೆಯಬೇಕು ಎಂಬುದು ಅದರ ತಿರುಳು.

ಸಂವಿಧಾನದ ಕರಡನ್ನು ಏಳು ಮಂದಿಯ ಸಮಿತಿ ಬರೆಯಿತು: ಯುಸಿಡಿಯಿಂದ ಮೂವರು, ಸಮಾಜವಾದಿಗಳು, ಕಮ್ಯುನಿಸ್ಟರು, ಅಲಿಯಾನ್ಸಾ ಪೊಪುಲಾರ್ ಮತ್ತು ಕ್ಯಾಟಲನ್ ರಾಷ್ಟ್ರೀಯವಾದಿಗಳಿಂದ ತಲಾ ಒಬ್ಬರು. 1978ರ ಮಾರ್ಚ್‌ನಲ್ಲಿ, ಶಿಕ್ಷಣದಂಥ ವಿಷಯಗಳಲ್ಲಿ ಯುಸಿಡಿ ಮತ್ತು ಅಲಿಯಾನ್ಸಾ ಪೊಪುಲಾರ್ ಕೈಜೋಡಿಸಿ ಬಹುಮತದಿಂದ ತೀರ್ಮಾನ ಮಾಡುತ್ತಿವೆಯೆಂದು ಸಮಾಜವಾದಿ ಪ್ರತಿನಿಧಿ ಗ್ರೆಗೊರಿಯೊ ಪೆಸೆಸ್-ಬಾರ್ಬಾ ಸಮಿತಿಯಿಂದ ಎದ್ದುಹೋದರು. ಆ ಬಿಕ್ಕಟ್ಟು ಬಗೆಹರಿದದ್ದು ಮೇ 22ರ ರಾತ್ರಿ, ಮ್ಯಾಡ್ರಿಡ್‌ನ ‘ಹೊಸೆ ಲೂಯಿಸ್’ ಎಂಬ ರೆಸ್ಟೋರೆಂಟಿನ ಊಟದ ಮೇಜಿನಲ್ಲಿ. ಸುವಾರೆಸ್ ಅವರ ಬಲಗೈಯಂತಿದ್ದ ಫೆರ್ನಾಂದೊ ಅಬ್ರಿಲ್ ಮಾರ್ತೊರೆಲ್ ಮತ್ತು ಸಮಾಜವಾದಿಗಳ ಎರಡನೆಯ ನಾಯಕ ಅಲ್ಫೊನ್ಸೊ ಗೆರ್ರಾ ತಮ್ಮ ಸಂಗಡಿಗರೊಂದಿಗೆ ಕುಳಿತು ಬೆಳಗಾಗುವುದರೊಳಗೆ ಇಪ್ಪತ್ತಕ್ಕೂ ಹೆಚ್ಚು ವಿಧಿಗಳಿಗೆ ಒಪ್ಪಿಗೆಯ ರೂಪ ಕೊಟ್ಟರು. ಮರುದಿನ ಸಂಸದೀಯ ಸಮಿತಿಯಲ್ಲಿ ಅವು ಹೆಚ್ಚಿನ ಚರ್ಚೆಯಿಲ್ಲದೆ ಪಾಸಾದವು. ಬಾಗಿಲ ಹಿಂದಿನ ಇಂಥ ಮಾತುಕತೆಗಳನ್ನು ಆಗಲೂ ಹಲವರು ಟೀಕಿಸಿದರು. ಟೀಕೆಯಲ್ಲಿ ಹುರುಳಿದೆ, ಆದರೂ ತುಂಬಿದ ಸದನದಲ್ಲಿ ಸೋಲು-ಗೆಲುವಿನ ಮತದಾನಕ್ಕೆ ಹಾಕಿದ್ದರೆ ಎರಡೂ ಕಡೆಯವರು ತಮ್ಮದೆಂದು ಒಪ್ಪುವ ಸಂವಿಧಾನ ಹೊರಬರುತ್ತಿರಲಿಲ್ಲವೆಂದೇ ನನಗನಿಸುತ್ತದೆ. ಆ ವರ್ಷದ ಅಕ್ಟೋಬರ್ 31ರಂದು ಕೆಳಮನೆ 325–6 ಮತಗಳಿಂದ ಅದನ್ನು ಅಂಗೀಕರಿಸಿತು. ಡಿಸೆಂಬರ್ 6ರಂದು ಜನಮತಗಣನೆಯಲ್ಲಿ ಜನರೂ ಒಪ್ಪಿದರು. ಬಾಸ್ಕ್ ರಾಷ್ಟ್ರೀಯವಾದಿಗಳು ಮಾತ್ರ ಈ ಒಮ್ಮತದಿಂದ ಹೊರಗುಳಿದರು.

ಇನ್ನೊಂದೆಡೆ, ಸಮಾಜವಾದಿ ಪಕ್ಷ ಬೇರೆಯದೇ ದಾರಿಯಲ್ಲಿ ಬೆಳೆಯುತ್ತಿತ್ತು. 1974ರಲ್ಲಿ ಫ್ರಾನ್ಸಿನ ಸುರೆನ್‌ನಲ್ಲಿ ನಡೆದ ಮಹಾಧಿವೇಶನದಲ್ಲಿ ದೇಶಾಂತರದ ಹಿರಿಯರ ಕೈಯಿಂದ ಪಕ್ಷ ಸೆವಿಲ್ಲಾದ ಯುವ ವಕೀಲ ಗೊನ್ಸಾಲೆಸ್ ಅವರ ಕೈಗೆ ಬಂದಿತ್ತು. ಜರ್ಮನಿಯ ಸೋಷಿಯಲ್ ಡೆಮಾಕ್ರಾಟರು ನೆರವು ನೀಡಿದರು. 1976ರ ಡಿಸೆಂಬರ್‌ನಲ್ಲಿ, ಪಕ್ಷ ಇನ್ನೂ ಕಾನೂನುಬದ್ಧವಾಗುವ ಮೊದಲೇ, ಮ್ಯಾಡ್ರಿಡ್ ಅಧಿವೇಶನದ ವೇದಿಕೆಯ ಮೇಲೆ ಜರ್ಮನಿಯ ವಿಲ್ಲಿ ಬ್ರಾಂಟ್, ಸ್ವೀಡನ್ನಿನ ಓಲೋಫ್ ಪಾಲ್ಮೆ ಅವರಂಥ ನಾಯಕರು ಕುಳಿತಿದ್ದರು. ಆದರೂ 1979ರ ಮಾರ್ಚ್ ಚುನಾವಣೆಯಲ್ಲಿ ಅದಕ್ಕೆ ಮತ್ತೆ ಎರಡನೆಯ ಸ್ಥಾನವೇ: ಯುಸಿಡಿ 168, ಸಮಾಜವಾದಿಗಳು 121. ಪ್ರಚಾರದ ಕೊನೆಯಲ್ಲಿ ಸುವಾರೆಸ್ ದೂರದರ್ಶನದಲ್ಲಿ ಎದುರಾಳಿಗಳ ಮಾರ್ಕ್ಸ್‌ವಾದವನ್ನು ಮುಂದಿಟ್ಟು ಮತದಾರರನ್ನು ಎಚ್ಚರಿಸಿದ್ದು ಪರಿಣಾಮ ಬೀರಿತ್ತು. ಗೊನ್ಸಾಲೆಸ್ ಪಾಠ ಕಲಿತರು. ಪಕ್ಷದ ವ್ಯಾಖ್ಯೆಯಿಂದ ಮಾರ್ಕ್ಸ್‌ವಾದವನ್ನು ಕೈಬಿಡಬೇಕೆಂದು ಮೇ ತಿಂಗಳ ಅಧಿವೇಶನದಲ್ಲಿ ಪಟ್ಟುಹಿಡಿದು, ಸೋತಾಗ ನಾಯಕತ್ವಕ್ಕೇ ರಾಜೀನಾಮೆ ಕೊಟ್ಟರು. ಅವರಿಲ್ಲದೆ ದಾರಿಯಿಲ್ಲವೆಂದು ಅರಿತ ಪಕ್ಷ ಸೆಪ್ಟೆಂಬರ್‌ನ ವಿಶೇಷ ಅಧಿವೇಶನದಲ್ಲಿ ಅವರ ನಿಲುವಿನೊಂದಿಗೇ ಅವರನ್ನು ಮರಳಿ ಕರೆತಂದಿತು. ಒಂದು ಶತಮಾನದಷ್ಟು ಹಳೆಯ ಹೆಸರು, ಊರೂರಿನಲ್ಲಿ ಶಾಖೆ, ಜೊತೆಗೆ ಕಾರ್ಮಿಕ ಸಂಘ ಇದ್ದ ಪಕ್ಷವೊಂದು ಹೀಗೆ ನಡುವಿನ ಮತದಾರರತ್ತ ಸರಿದು ಬಂತು. ಅದೇ ವರ್ಷದ ಏಪ್ರಿಲ್‌ನ ಸ್ಥಳೀಯ ಚುನಾವಣೆಗಳ ನಂತರ ಕಮ್ಯುನಿಸ್ಟರ ಬೆಂಬಲದಿಂದ ಮ್ಯಾಡ್ರಿಡ್ ಸೇರಿದಂತೆ ದೊಡ್ಡ ನಗರಗಳ ಆಡಳಿತವೂ ಸಮಾಜವಾದಿಗಳ ಕೈಗೆ ಬಂದಿತ್ತು.

ಸಂವಿಧಾನ ಮುಗಿದ ಮೇಲೆ ಯುಸಿಡಿ ಎದುರಿಸಿದ ಪ್ರಶ್ನೆ ಬೇರೆ: ಇನ್ನು ಯಾವುದಕ್ಕಾಗಿ ಒಟ್ಟಿಗಿರಬೇಕು? ವ್ಯವಸ್ಥೆಯ ನಿಯಮಗಳನ್ನು ರೂಪಿಸುವಾಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಒಪ್ಪಿಗೆಯಾಗುವುದೇ ಗುಣ. ವಿಚ್ಛೇದನ, ಶಾಲೆ, ತೆರಿಗೆ, ಸ್ವಾಯತ್ತತೆ ಎಂಬ ದಿನನಿತ್ಯದ ವಿಷಯಗಳಿಗೆ ಬಂದಾಗ ಆಳುವ ಪಕ್ಷ ಒಂದು ಕಡೆ ನಿಲ್ಲಲೇಬೇಕು, ಯುಸಿಡಿಯೊಳಗೆ ಮಾತ್ರ ಪ್ರತಿ ವಿಷಯಕ್ಕೂ ಎರಡು ಕಡೆಗಳಿದ್ದವು. ಬಣಗಳ ಮುಖಂಡರನ್ನು ಪತ್ರಿಕೆಗಳು ‘ಬ್ಯಾರನ್‌ಗಳು’ ಎಂದು ಕರೆದವು. ಕಾಗದದ ಮೇಲೆ ಘಟಕ ಪಕ್ಷಗಳು 1977ರ ಅಂತ್ಯದೊಳಗೆ ವಿಲೀನವಾಗಿದ್ದರೂ, ಮಂತ್ರಿಗಿರಿಗಳ ಹಂಚಿಕೆ ಬಣಗಳ ತೂಕ ನೋಡಿಯೇ ನಡೆಯುತ್ತಿತ್ತು. ನ್ಯಾಯಾಂಗ ಸಚಿವರಾದ ಫೆರ್ನಾಂದೆಸ್ ಒರ್ದೊನ್ಯೆಸ್ ತಂದ ವಿಚ್ಛೇದನ ಮಸೂದೆಗೆ ಎದುರಾದ ಕಡುವಿರೋಧ ಅವರದೇ ಪಕ್ಷದ ಕ್ರೈಸ್ತ ಪ್ರಜಾಪ್ರಭುತ್ವವಾದಿಗಳಿಂದ ಬಂದದ್ದಾಗಿತ್ತು.

1980 ಅದರ ಪಾಲಿಗೆ ಕೆಟ್ಟ ವರ್ಷ. ಆಂಡಲೂಸಿಯಾಕ್ಕೆ ಶೀಘ್ರ ಸ್ವಾಯತ್ತತೆ ಕೊಡುವ ಬಗೆಗಿನ ಫೆಬ್ರವರಿ 28ರ ಜನಮತಗಣನೆಯಲ್ಲಿ, ಸರ್ಕಾರವೇ ತಾನು ಕರೆದ ಮತದಾನದಿಂದ ದೂರವಿರಿ ಎಂದು ಜನರಿಗೆ ಹೇಳಿತು. ಸಚಿವ ಕ್ಲಾವೆರೊ ಅರೆವಾಲೊ ಇದನ್ನು ವಿರೋಧಿಸಿ ಹೊರನಡೆದರು, ಆಂಡಲೂಸಿಯಾದ ಜನ ಆ ಅವಮಾನವನ್ನು ಮರೆಯಲಿಲ್ಲ. ಮೇ ತಿಂಗಳಲ್ಲಿ ಸಮಾಜವಾದಿಗಳು ಅವಿಶ್ವಾಸ ನಿರ್ಣಯ ಮಂಡಿಸಿದರು. ಸ್ಪೇನಿನ ಸಂವಿಧಾನದಲ್ಲಿ ಪ್ರಧಾನಿಯನ್ನು ಇಳಿಸಬೇಕಾದರೆ ಅದೇ ನಿರ್ಣಯದಲ್ಲಿ ಇನ್ನೊಬ್ಬರ ಹೆಸರು ಹೇಳಿ ಪೂರ್ಣ ಬಹುಮತ ಪಡೆಯಬೇಕು. ನಿರ್ಣಯ 152–166ರಿಂದ ಬಿದ್ದುಹೋಯಿತು. ಆದರೆ ಆ ಚರ್ಚೆಯ ಮೂಲಕ ಗೊನ್ಸಾಲೆಸ್ ಪ್ರಧಾನಿಯಾಗಬಲ್ಲವರೆಂಬ ಭಾವನೆ ದೇಶದಲ್ಲಿ ಮೂಡಿತು, ಸುವಾರೆಸ್ ಒಂಟಿಯಾಗಿ ಕಂಡರು. ಎರಡನೆಯ ತೈಲ ಬಿಕ್ಕಟ್ಟಿನಿಂದ ನಿರುದ್ಯೋಗ ಏರುತ್ತಿತ್ತು, ಬಾಸ್ಕ್ ಪ್ರತ್ಯೇಕತಾವಾದಿ ಇಟಿಎ ಸಂಘಟನೆಯ ಹಿಂಸೆಯಲ್ಲಿ ಆ ವರ್ಷ ಅತಿ ಹೆಚ್ಚು ಜನ ಸತ್ತರು. ಅಕ್ಟೋಬರ್‌ನಲ್ಲಿ ಯುಸಿಡಿಯ ಸಂಸದರು ಅಧಿಕೃತ ಅಭ್ಯರ್ಥಿಯನ್ನು ಸೋಲಿಸಿ ಮಿಗೆಲ್ ಎರ್ರೆರೊ ದೆ ಮಿನ್ಯೊನ್ ಅವರನ್ನು ತಮ್ಮ ವಕ್ತಾರರನ್ನಾಗಿ ಆರಿಸಿದರು. 1981ರ ಜನವರಿ 29ರಂದು ಸುವಾರೆಸ್ ರಾಜೀನಾಮೆ ಘೋಷಿಸಿದರು.

ಅವರ ಉತ್ತರಾಧಿಕಾರಿ ಕಾಲ್ವೊ-ಸೊತೆಲೊ ಅವರ ಆಯ್ಕೆಗೆ ಮತದಾನ ನಡೆಯುತ್ತಿದ್ದಾಗಲೇ, ಫೆಬ್ರವರಿ 23ರ ಸಂಜೆ, ಲೆಫ್ಟಿನೆಂಟ್ ಕರ್ನಲ್ ಅಂತೊನಿಯೊ ತೆಹೆರೊ ಸಿವಿಲ್ ಗಾರ್ಡ್ ತುಕಡಿಯೊಂದಿಗೆ ಸದನಕ್ಕೆ ನುಗ್ಗಿ ಗುಂಡು ಹಾರಿಸಿದರು. ಸಂಸದರು ಬೆಂಚುಗಳ ಕೆಳಗೆ ಅಡಗಿದಾಗ ತಮ್ಮ ಆಸನ ಬಿಟ್ಟು ಕದಲದವರಲ್ಲಿ ನಿರ್ಗಮಿಸುತ್ತಿದ್ದ ಪ್ರಧಾನಿ ಸುವಾರೆಸ್, ಬಂದೂಕುಧಾರಿಗಳಿಗೆ ಎದುರಾಗಿ ನಿಂತ ಉಪಪ್ರಧಾನಿ ಜನರಲ್ ಗುತಿಯೆರೆಸ್ ಮೆಯ್ಯಾದೊ ಮತ್ತು ಕಮ್ಯುನಿಸ್ಟ್ ಕರಿಯೊ ಇದ್ದರು. ಒಂದು ಕಾಲಕ್ಕೆ ಪರಸ್ಪರ ಶತ್ರು ಪಾಳೆಯಗಳಲ್ಲಿದ್ದ ಈ ಮೂವರು ಆ ಸಂಜೆ ಒಂದೇ ಸಂಸತ್ತಿಗಾಗಿ ಪ್ರಾಣವನ್ನು ಪಣಕ್ಕಿಟ್ಟದ್ದನ್ನು ಓದಿದಾಗಲೆಲ್ಲ ಗೌರವ ಹುಟ್ಟುತ್ತದೆ. ನಡುರಾತ್ರಿಯ ನಂತರ ರಾಜ ದೂರದರ್ಶನದಲ್ಲಿ ಸಂವಿಧಾನದ ಪರ ನಿಂತರು, ದಂಗೆ ವಿಫಲವಾಯಿತು.

ದಂಗೆಯ ಸೋಲಿನಿಂದ ಪ್ರಜಾಪ್ರಭುತ್ವ ಗಟ್ಟಿಯಾಯಿತು, ಯುಸಿಡಿ ಆಗಲಿಲ್ಲ. ಫೆರ್ನಾಂದೆಸ್ ಒರ್ದೊನ್ಯೆಸ್ ತಮ್ಮ ಬಣದೊಂದಿಗೆ ಹೊರಬಂದು ಸಮಾಜವಾದಿಗಳ ಕಡೆ ನಡೆದರು, ಮುಂದೆ ಗೊನ್ಸಾಲೆಸ್ ಸರ್ಕಾರದ ವಿದೇಶಾಂಗ ಸಚಿವರಾದರು. ಎರ್ರೆರೊ ದೆ ಮಿನ್ಯೊನ್ ಫ್ರಾಗಾ ಅವರನ್ನು ಸೇರಿದರು. ಒಸ್ಕಾರ್ ಅಲ್ಸಾಗಾ ಕ್ರೈಸ್ತ ಪ್ರಜಾಪ್ರಭುತ್ವವಾದಿಗಳಿಗೆ ಹೊಸ ಪಕ್ಷ ಕಟ್ಟಿ ಅದೇ ಫ್ರಾಗಾ ಜೊತೆ ಮೈತ್ರಿ ಮಾಡಿಕೊಂಡರು. ಕೊನೆಗೆ 1982ರ ಜುಲೈನಲ್ಲಿ ಸ್ವತಃ ಸುವಾರೆಸ್ ತಾವೇ ಕಟ್ಟಿದ ಪಕ್ಷ ಬಿಟ್ಟು ಸಿಡಿಎಸ್ ಎಂಬ ಇನ್ನೊಂದು ಮಧ್ಯಪಂಥೀಯ ಪಕ್ಷ ಸ್ಥಾಪಿಸಿದರು. ಗೆಲ್ಲುವ ಬಲಪಂಥ ಬೇಕೆಂದಿದ್ದ ಉದ್ಯಮಿಗಳ ಒಕ್ಕೂಟವೂ ಫ್ರಾಗಾ ಅವರತ್ತ ವಾಲಿತ್ತು. ಗಲಿಸಿಯಾ ಮತ್ತು ಆಂಡಲೂಸಿಯಾದ ಪ್ರಾದೇಶಿಕ ಚುನಾವಣೆಗಳು ಬರಲಿರುವುದನ್ನು ಮುಂಚೆಯೇ ತೋರಿಸಿದ್ದವು.

ಅಕ್ಟೋಬರ್‌ನಲ್ಲಿ ಸಮಾಜವಾದಿಗಳಿಗೆ 202, ಅಲಿಯಾನ್ಸಾ ಪೊಪುಲಾರ್ ಕೂಟಕ್ಕೆ 107, ಯುಸಿಡಿಗೆ 11, ಕಮ್ಯುನಿಸ್ಟರಿಗೆ 4, ಸುವಾರೆಸ್ ಅವರ ಪಕ್ಷಕ್ಕೆ 2. ಐದು ವರ್ಷಗಳ ಹಿಂದೆ ಯುಸಿಡಿಯನ್ನು ಎತ್ತಿದ್ದ ಡಿ'ಹಾಂಟ್ ಸೂತ್ರ ಈಗ ಅದನ್ನೇ ಒತ್ತಿಹಾಕಿತು. ಅದಕ್ಕೆ ಬಂದಿದ್ದ ಮತ ಶೇ. 6.8, ಅದು ದೇಶದುದ್ದಕ್ಕೂ ಹರಡಿ, ಬಹುತೇಕ ಪ್ರಾಂತ್ಯಗಳಲ್ಲಿ ಮೇಲಿನ ಉದಾಹರಣೆಯ ‘ಇ’ ಪಕ್ಷದ ಸ್ಥಿತಿಗೆ ಅದನ್ನು ತಂದಿತು. ನಾಲ್ಕೇ ಪ್ರಾಂತ್ಯಗಳಲ್ಲಿ ಒಟ್ಟುಗೂಡಿದ್ದ ಕ್ಯಾಟಲನ್ ರಾಷ್ಟ್ರೀಯವಾದಿಗಳು ಅದರ ಸುಮಾರು ಅರ್ಧದಷ್ಟು ಮತದಿಂದಲೇ 12 ಸ್ಥಾನ ಗೆದ್ದರು.

ಒಳಜಗಳವೇ ಯುಸಿಡಿಯನ್ನು ಕೊಂದಿತು ಎಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. 1979ರಲ್ಲಿ ಸಮಾಜವಾದಿಗಳೂ ಬಹಿರಂಗವಾಗಿ ಜಗಳವಾಡಿದ್ದರು, ಆದರೆ ಅವರ ಜಗಳವನ್ನು ತೀರ್ಮಾನಿಸಲು ಸದಸ್ಯರಿದ್ದರು, ಶಾಖೆಗಳಿದ್ದವು, ಅಧಿವೇಶನವಿತ್ತು. ಯುಸಿಡಿಯ ಬಣಗಳನ್ನು ಹಿಡಿದಿಟ್ಟಿದ್ದು ಅಧಿಕಾರ ಮಾತ್ರ. ಗೆಲುವಿನ ಭರವಸೆ ಹೋದ ಕೂಡಲೇ ಪ್ರತಿಯೊಬ್ಬ ಮುಖಂಡನಿಗೂ ಹೊರಗೆ ಒಂದು ಬಾಗಿಲು ತೆರೆದಿತ್ತು. ಮತದಾರರು ಮಾತ್ರ ಮಧ್ಯದಿಂದ ದೂರ ಹೋಗಿರಲಿಲ್ಲ. ಗೊನ್ಸಾಲೆಸ್ ಅವರೇ ಮಧ್ಯಕ್ಕೆ ಬಂದಿದ್ದರಿಂದ ಅವರಲ್ಲಿ ದೊಡ್ಡ ಪಾಲು ಸಮಾಜವಾದಿಗಳಿಗೆ ಮತ ಹಾಕಿತು, ಉಳಿದವರಲ್ಲಿ ಹೆಚ್ಚಿನವರು ಫ್ರಾಗಾ ಕಡೆ ಹೋದರು.

ಸುವಾರೆಸ್ ಅವರ ಸಿಡಿಎಸ್ 1986ರಲ್ಲಿ 19 ಸ್ಥಾನಗಳಿಗೆ ಏರಿ, 1989ರಲ್ಲಿ 14ಕ್ಕೆ ಇಳಿಯಿತು. 1991ರ ಸ್ಥಳೀಯ ಚುನಾವಣೆಗಳ ಸೋಲಿನ ನಂತರ ಅವರು ರಾಜಕೀಯ ಬಿಟ್ಟರು. 1986ರಲ್ಲೇ ಸಂವಿಧಾನ ಸಮಿತಿಯ ಕ್ಯಾಟಲನ್ ಸದಸ್ಯ ಮಿಕೆಲ್ ರೊಕಾ ಇಡೀ ಸ್ಪೇನಿಗೆ ಒಂದು ಸುಧಾರಣಾವಾದಿ ಮಧ್ಯಪಂಥೀಯ ಪಕ್ಷ ಕೊಡಲು ಯತ್ನಿಸಿದಾಗ, ಕ್ಯಾಟಲೋನಿಯಾದ ಹೊರಗೆ ಒಂದು ಸ್ಥಾನವೂ ಬರಲಿಲ್ಲ. ಫ್ರಾಗಾ ಅವರ ಪಕ್ಷ 1989ರಲ್ಲಿ ಪಾರ್ತಿದೊ ಪೊಪುಲಾರ್ ಎಂದು ಹೆಸರು ಬದಲಿಸಿಕೊಂಡು, ಹಳೆಯ ಯುಸಿಡಿಯ ಹಲವರನ್ನು ಒಳಗೆ ಸೇರಿಸಿಕೊಂಡು, ಮಧ್ಯದ ಕಡೆಗೆ ಸರಿಯುತ್ತ ಬಂದು, 1996ರಲ್ಲಿ ಹೊಸೆ ಮರಿಯಾ ಅಸ್ನಾರ್ ನಾಯಕತ್ವದಲ್ಲಿ ಅಧಿಕಾರಕ್ಕೆ ಬಂತು.